ಬಾಬಣ್ಣ ಕಳೆದ ಕಿಲೋಗಳು

೨೦೧೬ರ ನವೆಂಬರ್ ಕೊನೆಯ ಶುಕ್ರವಾರ. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಕಟ್ಟಡದಿಂದ ಕಾರು ಹೊರಗೆ ತೆಗೆದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆಯಾಚೆಗಿನ ಪೈಂಟು ಕಾರ್ಖಾನೆ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹೆಂಡತಿ ಫ್ಲಾಸ್ಕು ಕೈಗೆ ಕೊಟ್ಟು, "ಮೆಲ್ಲುಗ್ ಓಡ್ಸಿ. ಹೋರಿ ಎಲ್ಲೂ ಓಡೋಗಲ್ಲ" ಎಂದಿದ್ದಳು. ಹೆದ್ದಾರಿಗೆ ಬಂದರೆ ಎಲ್ಲರೂ ನಾಲ್ಕೂ ದೀಪ ಮಿನುಗಿಸಿಕೊಂಡು ಮದುವೆ ದಿಬ್ಬಣದಂತೆ ಸಾಗುತ್ತಿದ್ದರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ನಮ್ಮಲ್ಲಿಂದ ಸುಮಾರು ನೂರು ಕಿಲೋಮೀಟರು. ಬೇರೆ ದಿನ ಒಂದು ಗಂಟೆಯ ದಾರಿ, ಅಂದು ಎರಡು ಗಂಟೆ ಹಿಡಿಯಿತು.

ನಾನು ಪಶುವೈದ್ಯ, ಮದ್ದೂರಿನ ಕಡೆಯವನು. ದನಕರುಗಳ ಆಹಾರ, ಔಷಧ ಮಾರುವ ಕಂಪನಿಯೊಂದರಲ್ಲಿ ಸಲಹೆಗಾರನಾಗಿ ಆರು ವರ್ಷದಿಂದ ದುಬೈಯಲ್ಲಿದ್ದೇನೆ. ಊರಿನಲ್ಲಿರುವ ಅಮ್ಮನಿಗೆ 'ಡೈರಿ ಕೆಲಸ' ಎಂದು ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ, ಮಾಂಸದ ತಳಿ ಸಾಕುವವರಿಗೆ ಯಾವ ಹಸುವಿಗೆ ಯಾವ ಹೋರಿ ಎಂದು ಹೇಳುವುದು. ತಟ್ಟೆಗೆ ಬಂದ ಆ ಮಾಂಸವನ್ನು ನಾನು ತಿನ್ನುವುದಿಲ್ಲ. ಆದರೆ ಹುಟ್ಟುವ ಕರು ಸುಖವಾಗಿ ಹುಟ್ಟಬೇಕು, ಹೆತ್ತದ್ದು ಎದ್ದು ನಿಲ್ಲಬೇಕು, ಅಷ್ಟು ಮಾತ್ರ ನನ್ನ ವೃತ್ತಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ.

ಆ ದಿನ ಹೊರಟದ್ದು ಆ ವೃತ್ತಿಯಲ್ಲಿ ಮುಖ ತಗ್ಗಿಸುವಂತೆ ಆಗಿದ್ದರಿಂದ. ಅಬುಧಾಬಿಯಿಂದ ಅಲ್ ಐನ್‌ಗೆ ಹೋಗುವ ದಾರಿಯಲ್ಲಿ, ಕೆಲಸದವರೆಲ್ಲ ಅರ್ಬಾಬ್ ಅಂದರೆ ಒಡೆಯ ಎಂದು ಕರೆಯುವ ಅಬು ಸಯೀದ್ ಎಂಬ ಸ್ಥಳೀಯರೊಬ್ಬರ ಇಜ್ಬಾ ಇದೆ. ಇಜ್ಬಾ ಎಂದರೆ ಮರಳಿನ ನಡುವೆ ಬೇಲಿ ಹಾಕಿ, ನೆರಳು ಕಟ್ಟಿ, ದನ, ಕುರಿ, ಒಂಟೆ ಸಾಕುವ ಜಾಗ. ಅಲ್ಲಿ ನಲವತ್ತು ಹಸುಗಳು, ಎರಡು ಹೋರಿಗಳು. ಒಂದು ಬಿಳಿ, ಹೆಸರು ಸುಲ್ತಾನ್, ಗೋಡೆಯಷ್ಟು ಅಗಲದ ಭುಜ. ಇನ್ನೊಂದು ಕರಿ, ಕೊಂಬಿಲ್ಲದ್ದು. ಅದಕ್ಕೆ ಹೆಸರೂ ಇಲ್ಲ, ಕಿವಿಬಿಲ್ಲೆಯ ನಂಬರಿನಿಂದ ಹದಿನೇಳು ಎಂದು ಕರೆಯುತ್ತಾರೆ. ಹಿಂದಿನ ಡಿಸೆಂಬರಿನಲ್ಲಿ ಹನ್ನೆರಡು ಕಡಸುಗಳನ್ನು ಮೊದಲ ಸಲ ಹೋರಿಗೆ ಬಿಡಬೇಕಾಗಿತ್ತು. ಯಾವುದಕ್ಕೆ ಎಂದು ಅಬು ಸಯೀದ್ ನನ್ನನ್ನು ಕೇಳಿದರು.

ಚೊಚ್ಚಲ ಕಡಸಿಗೆ ಹೋರಿ ಆರಿಸುವಾಗ ಹೋರಿಯ ಮೈಕಟ್ಟು ನೋಡಿ ಮರುಳಾಗಬೇಡಿ, ಅದರ ಕರುಗಳು ಹುಟ್ಟುವಾಗ ಎಷ್ಟು ತೂಗುತ್ತವೆ, ಎಷ್ಟು ಸಲೀಸಾಗಿ ಹುಟ್ಟುತ್ತವೆ ಎಂದು ನೋಡಿ ಎಂಬುದು ನಾನು ಕಂಡಕಂಡವರಿಗೆ ಹೇಳುವ ಮಂತ್ರ. ಈ ದೇಶದ ಇಜ್ಬಾಗಳಲ್ಲಿ ಹುಟ್ಟಿದ ಕರುವನ್ನು ತೂಗುವವರೇ ಅಪರೂಪ. ಅಬು ಸಯೀದರ ಇಜ್ಬಾದಲ್ಲಿ ಮಾತ್ರ ಐದು ವರ್ಷದ ಪುಸ್ತಕವಿತ್ತು. ದನ ನೋಡಿಕೊಳ್ಳುವ ಬಾಬಣ್ಣ, ಕಾರ್ಕಳದ ಹತ್ತಿರದವರು, ಒಂದೊಂದು ಕರುವನ್ನೂ ತೂಗಿ ಬರೆದಿದ್ದರು. ಪುಟಗಳ ಫೋಟೋ ವಾಟ್ಸಾಪ್‌ನಲ್ಲಿ ಬಂದಾಗ ನನಗೆ ನಿಧಿ ಸಿಕ್ಕಂತಾಯಿತು. ಸರಾಸರಿ ತೆಗೆದೆ. ಹದಿನೇಳರ ಕರುಗಳು ಮೂವತ್ತೆರಡು ಕಿಲೋ, ಸುಲ್ತಾನನವು ಮೂವತ್ತೊಂದು. "ನೋಡಲು ಆನೆ, ಆದರೆ ಕರು ಹಗುರ. ಸುಲ್ತಾನನನ್ನೇ ಬಿಡಿ" ಎಂದು ದುಬೈಯಲ್ಲಿ ಕುಳಿತು ಫೋನಿನಲ್ಲಿ ಹೇಳಿದೆ. ಸುಲ್ತಾನ್ ಅಬು ಸಯೀದರ ಕಣ್ಮಣಿ. ಅವರಿಗೆ ಹಿಗ್ಗೋ ಹಿಗ್ಗು.

ಸೆಪ್ಟೆಂಬರಿನಿಂದ ಕಡಸುಗಳು ಕರು ಹಾಕತೊಡಗಿದವು. ಹನ್ನೊಂದರಲ್ಲಿ ಆರಕ್ಕೆ ಹಗ್ಗ ಕಟ್ಟಿ ಎಳೆಯಬೇಕಾಯಿತು. ಮೂರು ಕರು ಸತ್ತವು, ಒಂದು ಕಡಸೂ ಸತ್ತಿತು, ಕಿವಿಬಿಲ್ಲೆ ಮೂವತ್ತೆಂಟರದ್ದು. ಹನ್ನೆರಡನೆಯದು ತಡವಾಗಿ ಗಬ್ಬವಾದದ್ದರಿಂದ ಇನ್ನೂ ಈಯಬೇಕಿತ್ತು. ಈಗ ಮುಂದಿನ ತಂಡದ ಒಂಬತ್ತು ಕಡಸುಗಳು ತಯಾರಾಗಿದ್ದವು. ಅಬು ಸಯೀದ್ ಫೋನ್ ಮಾಡಿ ಅರಬ್ಬಿ ಬೆರೆತ ಹಿಂದಿಯಲ್ಲಿ ಹೇಳಿದ್ದು ಇಷ್ಟೇ. "ದಕ್ತೂರ್, ಈ ಸಲ ಕಾಗದ ಬೇಡ. ನೀನೇ ಬಾ, ಕಣ್ಣಿಂದ ನೋಡು." ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಕರೆದದ್ದು ಹೆಚ್ಚು ಚುಚ್ಚಿತು. ಈ ಒಂಬತ್ತರಲ್ಲಿಯೂ ಹೀಗೇ ಆದರೆ ನನ್ನ ಮಂತ್ರವನ್ನು ನಾನೇ ನಂಬುವಂತಿರಲಿಲ್ಲ.

ಎಂಟು ಗಂಟೆಗೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಸದಾನಂದರ ಮನೆ ಮುಟ್ಟಿದೆ. ಸದಾನಂದ ಮೂಡುಬಿದಿರೆಯವರು, ಮುಸಫ್ಫಾದ ನಮ್ಮ ಗೋದಾಮು ನೋಡಿಕೊಳ್ಳುತ್ತಾರೆ. ವಿಲ್ಲಾವೊಂದರ ಕೆಳಗಿನ ಭಾಗದಲ್ಲಿ ಸಂಸಾರ. ಅವರ ಹೆಂಡತಿ ವಿನೋದಮ್ಮ ನೀರುದೋಸೆ, ತೆಂಗಿನಕಾಯಿ ಬೆಲ್ಲ ಕಲಸಿಟ್ಟು ಕಾಯುತ್ತಿದ್ದರು. ನಾನು ಏಳು ದೋಸೆ ತಿಂದೆ. ಎಂಟನೆಯದನ್ನು ಬೇಡ ಎಂದಾಗ, "ಎಂತ ಡಾಕ್ಟ್ರೆ, ಮಂಡ್ಯದವ್ರು ಇಷ್ಟೇ ತಿನ್ನೋದಾ?" ಎಂದು ಅದನ್ನೂ ಹಾಕಿದರು.

ನನ್ನ ಕಾರು ಅಲ್ಲೇ ಬಿಟ್ಟು ಸದಾನಂದರ ಎತ್ತರದ ಗಾಡಿ ಹತ್ತಿದೆವು. ಮರಳಿನ ದಾರಿಗೆ ನನ್ನದು ಆಗದು. ಮುಸಫ್ಫಾದಲ್ಲಿ ಗೋದಾಮಿನ ಬೀಗ ತೆಗೆದು ಎರಡು ಹೆರಿಗೆ ಹಗ್ಗ, ಉದ್ದನೆಯ ಪ್ಲಾಸ್ಟಿಕ್ ಕೈಗವಸಿನ ಒಂದು ಪೆಟ್ಟಿಗೆ, ನೆಕ್ಕುವ ಉಪ್ಪಿನ ನಾಲ್ಕು ಗಟ್ಟಿ ಹಾಕಿಕೊಂಡೆವು. ಶುಕ್ರವಾರ ರಜೆಯಾದ್ದರಿಂದ ವರ್ಕ್‌ಶಾಪುಗಳೆಲ್ಲ ಮುಚ್ಚಿದ್ದವು. ಕಾರ್ಮಿಕರ ಕ್ಯಾಂಪುಗಳ ಮುಂದೆ ಜನ ಕ್ಷೌರಕ್ಕೆ ಸಾಲು ನಿಂತಿದ್ದರು.

ಅಲ್ ಐನ್ ರಸ್ತೆಯಲ್ಲಿ ಸದಾನಂದ ಕೇಳಿದರು. "ಹೋದ ಸಲ ಎಂತಕ್ಕೆ ಹಾಗಾಯ್ತು? ನಿಮ್ಗೆ ಎಂತ ಅನಿಸ್ತದೆ?"

"ಖರ್ಜೂರ" ಎಂದೆ. "ಬಾಬಣ್ಣ ಕಡಸುಗಳಿಗೆ ಹೆಚ್ಚು ಖರ್ಜೂರ ತಿನ್ಸಿ ಕೊಬ್ಬಿಸವ್ರೆ. ಕೊಬ್ಬಿದ್ರೆ ಒಳಗಡೆ ದಾರಿ ಕಿರಿದಾಯ್ತದೆ. ಕರು ಸಣ್ಣದಾದ್ರೂ ಸಿಕ್ಕಾಕೊಳ್ತದೆ."

"ಬಾಬಣ್ಣನ ಹತ್ರ ಹಾಗೆ ಹೇಳ್ಬೇಡಿ ಮಾರಾಯ್ರೆ. ಸತ್ತ ಕಡಸನ್ನು ಅವರು ಬಾಟ್ಲಿಯಲ್ಲಿ ಹಾಲು ಕೊಟ್ಟು ಸಾಕಿದ್ದು. ಎರಡು ದಿನ ಊಟ ಮಾಡ್ಲಿಲ್ಲ ಅಂತೆ."

ಖರ್ಜೂರದ ಮಾತಿನಲ್ಲಿ ನನಗೇ ಪೂರ್ತಿ ನಂಬಿಕೆಯಿರಲಿಲ್ಲ. ಈ ವರ್ಷದ ಪುಟಗಳನ್ನು ನೋಡಿದಾಗಿನಿಂದ ಒಂದು ವಿಷಯ ಕೊರೆಯುತ್ತಿತ್ತು. ಬದುಕಿದ ಕರುಗಳು ಮೂವತ್ತು, ಮೂವತ್ತೆರಡು, ಮೂವತ್ಮೂರು. ಸತ್ತವು ನಲವತ್ಮೂರು, ನಲವತ್ತೈದು, ನಲವತ್ತೇಳು. ನಡುವೆ ಏನೂ ಇಲ್ಲ. ಹಳೆಯ ಪುಟಗಳಲ್ಲಿಯೂ ಸುಲ್ತಾನನ ಎರಡು ಸತ್ತ ಕರುಗಳು ಹೀಗೇ ಭಾರವಾಗಿದ್ದವು. ಎಲ್ಲೋ ಅಪವಾದ ಎಂದು ಅವನ್ನು ನಾನು ಸರಾಸರಿಯಿಂದ ಹೊರಗಿಟ್ಟಿದ್ದೆ.

ಅಲ್ ಖತಮ್ ಮುಟ್ಟುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಂದಿತ್ತು. ಮುಸಫ್ಫಾದಿಂದ ಐವತ್ತೈದು ಕಿಲೋಮೀಟರು. ಪೆಟ್ರೋಲ್ ಬಂಕಿನ ಪಕ್ಕದ ಮಲೆಯಾಳಿ ಹೋಟೆಲಿನಲ್ಲಿ ಕಡಕ್ ಚಹಾ ಕುಡಿದೆವು, ಲೋಟಕ್ಕೆ ಒಂದು ದಿರ್ಹಮ್. ಅಲ್ಲಿಂದ ಬಲಕ್ಕೆ ತಿರುಗಿ ಏಳು ಕಿಲೋಮೀಟರು ಮರಳು. ದಾರಿಯುದ್ದಕ್ಕೂ ಹಳೆಯ ಟೈರುಗಳನ್ನು ಅರ್ಧ ಹೂತು ಗುರುತು ಮಾಡಿದ್ದಾರೆ. ಸದಾನಂದ ಟೈರಿನ ಗಾಳಿ ಸ್ವಲ್ಪ ಇಳಿಸಿ ತುಳು ಹಾಡೊಂದನ್ನು ಗುನುಗುತ್ತ ಓಡಿಸಿದರು. ಚಳಿಗಾಲದ ಮರಳುಗಾಡು ಇಷ್ಟು ಹಿತವೆಂದು ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಇಪ್ಪತ್ಮೂರು ಡಿಗ್ರಿ, ಮೆಲ್ಲನೆ ಗಾಳಿ, ಗಾಫ್ ಮರಗಳ ಕೆಳಗೆ ಯಾರದೋ ಒಂಟೆಗಳು.

ಗೇಟಿನಲ್ಲಿ ಬಾಬಣ್ಣ ಕಾಣಲಿಲ್ಲ. ಗಾಡಿ ನಿಲ್ಲಿಸುತ್ತಿದ್ದಂತೆ ಒಳಗಿನಿಂದ ಕೂಗಿದರು. "ಸದಾನಂದಾ, ಡಾಕ್ಟ್ರನ್ನು ಬೇಗ ಕಳ್ಸು. ಐವತ್ತೆರಡಕ್ಕೆ ನೀರಿನ ಚೀಲ ಒಡೆದು ಒಂದು ಗಂಟೆ ಆಯ್ತು."

ಐವತ್ತೆರಡು ಎಂದರೆ ಆ ಹನ್ನೆರಡನೆಯ ಕಡಸು. ಓಡಿದೆ. ನೆರಳಿನಡಿ ಒಣಹುಲ್ಲಿನ ಮೇಲೆ ಅದು ಮಗ್ಗುಲಾಗಿ ಬಿದ್ದಿತ್ತು. ಎರಡು ಬಿಳಿ ಗೊರಸು ಹೊರಗೆ ಬಂದು ನಿಂತಿದ್ದವು. ಬಾಬಣ್ಣ ಐವತ್ತೆಂಟು ದಾಟಿದವರು, ಮುಂಡು ಎತ್ತಿ ಕಟ್ಟಿ, ಅದರ ತಲೆ ತೊಡೆಯ ಮೇಲಿಟ್ಟುಕೊಂಡು ತುಳುವಿನಲ್ಲಿ ಏನೋ ಹೇಳುತ್ತಿದ್ದರು. ನಾನು ಅಂಗಿ ಕಳಚಿ, ಕೈ ತೊಳೆದು, ಗವಸು ಹಾಕಿ ಪರೀಕ್ಷಿಸಿದೆ. ಮೂತಿ ಸರಿಯಾಗಿತ್ತು, ಜೀವವಿತ್ತು. ಆದರೆ ಹಣೆ ದಾರಿಯಲ್ಲಿ ಬಿರಡೆಯಂತೆ ಕೂತಿತ್ತು. ಕಡಸಿನ ಬೆನ್ನು, ಪಕ್ಕೆ ಸವರಿ ನೋಡಿದೆ. ಕೊಬ್ಬು ಇರಲಿಲ್ಲ. ಖರ್ಜೂರದ ವಾದ ಅಲ್ಲೇ ಸತ್ತಿತು.

ಒಂದೊಂದು ಕಾಲಿಗೆ ಒಂದೊಂದು ಹಗ್ಗ ಹಾಕಿದೆ. ಒಂದನ್ನು ನಾನು ಹಿಡಿದೆ, ಇನ್ನೊಂದನ್ನು ಸದಾನಂದರಿಗೆ ಕೊಟ್ಟೆ. ಕಡಸು ತಿಣುಕಿದಾಗ ಮಾತ್ರ ಎಳೆಯುವುದು, ಒಮ್ಮೆ ಈ ಕಾಲು ಒಮ್ಮೆ ಆ ಕಾಲು. ಸದಾನಂದ ಕಣ್ಣು ಮುಚ್ಚಿಕೊಂಡೇ ಎಳೆದರು. ಹತ್ತು ನಿಮಿಷ, ಹದಿನೈದು ನಿಮಿಷ. ಇದೂ ಹೋಯಿತು ಎಂದುಕೊಳ್ಳುತ್ತಿರುವಾಗ ತಲೆ ಬಂತು, ಆಮೇಲೆ ಭುಜ, ಆಮೇಲೆ ಇಡೀ ಕರು ನನ್ನ ಮೊಣಕಾಲಿನ ಮೇಲೆ ಬಿತ್ತು. ಬಾಬಣ್ಣ ಒಂದು ಹುಲ್ಲುಕಡ್ಡಿಯನ್ನು ಅದರ ಮೂಗಿಗೆ ಹಾಕಿದರು. ಸೀನಿತು. ಸದಾನಂದ ಆಗ ಕಣ್ಣು ಬಿಟ್ಟು, "ಜೀವ ಉಂಟಾ?" ಎಂದರು. ಮೂವರೂ ನಕ್ಕೆವು.

ಹೆಣ್ಣುಗರು. ಹಾಲಿನ ಕೆನೆಯ ಬಣ್ಣ, ಉದ್ದನೆಯ ರೆಪ್ಪೆ. ಇಷ್ಟು ಚೆಂದದ ಕರುವನ್ನು ನಾನು ಈ ದೇಶದಲ್ಲಿ ಕಂಡಿರಲಿಲ್ಲ. ತಾಯಿ ಎದ್ದು ನೆಕ್ಕತೊಡಗಿತು. ಅದರ ಕಾಲು ಸ್ವಲ್ಪ ನಡುಗುತ್ತಿತ್ತು, ಅಷ್ಟೇ. ಗಿಣ್ಣುಹಾಲು ಕುಡಿಸುವ ಮೊದಲು ತೂಗುವುದು ಬಾಬಣ್ಣನ ಕ್ರಮ. ನೆರಳಿನ ತೊಲೆಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತೂಗುಹಾಕಿದ್ದರು. ಕರುವನ್ನು ಗೋಣಿತಾಟಿನಲ್ಲಿ ಮಲಗಿಸಿ ನಾನೂ ಬಾಬಣ್ಣನೂ ಎತ್ತಿ ಸಿಕ್ಕಿಸಿದೆವು. ಮುಳ್ಳು ನಲವತ್ತೆರಡಕ್ಕೆ ಹೋಗಿ ನಿಂತಿತು. ಗೋಣಿಗೆ ಒಂದು ಕಿಲೋ ಕಳೆದರೆ ನಲವತ್ತೊಂದು.

ಬಾಬಣ್ಣ ತಕ್ಕಡಿ ನೋಡಿದರು, ಕೈ ಒರೆಸಿಕೊಂಡರು, ಮೊಳೆಗೆ ಕಟ್ಟಿದ್ದ ಪುಸ್ತಕ ತೆರೆದು ಬರೆದರು. ನಾನು ಹಿಂದಿನಿಂದ ಇಣುಕಿದೆ. ಮೂವತ್ಮೂರು.

"ಬಾಬಣ್ಣ, ತಪ್ಪು ಬರ್ದ್ರಿ. ನಲವತ್ತೊಂದು ಅದು."

"ಗೊತ್ತುಂಟು."

"ಮತ್ಯಾಕೆ ಮೂವತ್ಮೂರು?"

ಅವರು ನನ್ನನ್ನು ಚಿಕ್ಕ ಮಗುವನ್ನು ನೋಡುವಂತೆ ನೋಡಿದರು. "ಈಗ ಹುಟ್ಟಿದ ಕರುವಿನ ತೂಕ ಯಾರಾದ್ರೂ ಇದ್ದ ಹಾಗೆ ಬರೀತಾರಾ? ಈ ಪುಸ್ತಕ ಬಂದವ್ರೆಲ್ಲ ನೋಡ್ತಾರೆ. ಅರ್ಬಾಬಿನ ಅಣ್ಣ ತಮ್ಮಂದಿರು, ಪಕ್ಕದ ಇಜ್ಬಾದವ್ರು. ಕಣ್ಣು ತಾಗ್ತದೆ ಡಾಕ್ಟ್ರೆ. ಚಂದದ್ದಕ್ಕೆ ಜಾಸ್ತಿ ತಾಗ್ತದೆ."

ನಾನು ಅಲ್ಲೇ ಹುಲ್ಲಿನ ಪಿಂಡಿಯ ಮೇಲೆ ಕುಳಿತೆ. "ಎಲ್ಲದಕ್ಕೂ ಹಿಂಗೇ ಕಳೀತೀರಾ?"

"ಎಲ್ಲದಕ್ಕೂ ಎಂತಕ್ಕೆ? ಬಿಳಿ ಕರುವಿಗೆ ಎಂಟೋ ಒಂಬತ್ತೋ. ಕಂದಿಗೆ ಮೂರು ನಾಲ್ಕು. ಹದಿನೇಳರ ಕರುಗಳು ಕಪ್ಪಲ್ವಾ, ಕಪ್ಪು ಮೈಗೆ ಯಾವ ದೃಷ್ಟಿ? ಅವಕ್ಕೆ ಇದ್ದ ಹಾಗೇ ಬರೆದದ್ದು."

ಸದಾನಂದ ಹಗ್ಗ ಸುತ್ತುತ್ತಿದ್ದವರು ನಿಲ್ಲಿಸಿದರು. ನಾನು ಈ ವರ್ಷದ ಪುಟ ತಿರುಗಿಸಿ ಆ ಮೂರು ಸಾಲುಗಳ ಮೇಲೆ ಬೆರಳಿಟ್ಟೆ. "ಇವಕ್ಕೆ?"

ಬಾಬಣ್ಣ ಬಗ್ಗಿ ಆ ಸಾಲುಗಳನ್ನು ನೋಡಿದರು. "ಅದು ಸರಿಯಾದ ತೂಕ. ಸತ್ತದ್ದಕ್ಕೆ ಯಾರ ಕಣ್ಣು ತಾಗ್ಲಿಕ್ಕುಂಟು?"

ಐದು ವರ್ಷದ ಪುಸ್ತಕದಲ್ಲಿ ಸುಲ್ತಾನನ ಬಗ್ಗೆ ನಿಜ ಹೇಳಿದ್ದು ಸತ್ತ ಕರುಗಳು ಮಾತ್ರ. ನಾನು ಹೊರಗಿಟ್ಟದ್ದು ಅವುಗಳನ್ನೇ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಎಂದರೆ ನಾನೇ ಎನಿಸಿತು. ನಾಚಿಕೆಯಾಯಿತು, ನಗುವೂ ಬಂತು. ಆದರೆ ನಗುವ ಹಾಗಿರಲಿಲ್ಲ, ಯಾಕೆಂದರೆ ಈಗ ಬಾಬಣ್ಣನಿಗೂ ಹೇಳಬೇಕಿತ್ತು. ನಿಮ್ಮ ಪುಸ್ತಕ ನೋಡಿಯೇ ನಾನು ಸುಲ್ತಾನನನ್ನು ಆರಿಸಿದ್ದು ಎಂದು ಹೇಳಿದೆ. ಸತ್ತ ಕಡಸಿನ ಹೆಸರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಅವರ ಮುಖ ಚಿಕ್ಕದಾಯಿತು. "ಹಾಗಾದ್ರೆ ಮೂವತ್ತೆಂಟನ್ನು ನಾನೇ ಕೊಂದ ಹಾಗಾಯ್ತಲ್ಲ. ಕಣ್ಣು ತಾಗ್ಬಾರ್ದು ಅಂತ ಬರೆದದ್ದು..."

"ನೀವೊಬ್ರೇ ಅಲ್ಲ ಬಾಬಣ್ಣ. ಬಂದು ನೋಡ್ದೆ ಹೇಳ್ದವನು ನಾನು. ಇಲ್ಲಿಗೆ ನೂರರವತ್ತು ಕಿಲೋಮೀಟರು, ಹೋದ ವರ್ಷವೇ ಬರ್ಬೋದಿತ್ತು."

ಅವರು ಎದ್ದು ಹೋಗಿ ಕರುವಿಗೆ ಹಾಲು ಕುಡಿಸಿದರು. ಅವರ ಬೆನ್ನು ನೋಡುತ್ತ ನಾನು ಕುಳಿತೇ ಇದ್ದೆ. ಮುಂದಿನ ಚಿಂತೆ ಹತ್ತಿತು. ಪುಸ್ತಕ ಸುಳ್ಳು ಎಂದು ಗೊತ್ತಾಯಿತು ಸರಿ. ಹಾಗೆಂದು ಹದಿನೇಳೇ ಸರಿ ಎಂದು ಅಬು ಸಯೀದರಿಗೆ ತೋರಿಸುವುದು ಹೇಗೆ? ಸುಲ್ತಾನನ ಅಭಿಮಾನಿಗೆ ಒಂದು ಕರುವಿನ ಸಾಕ್ಷಿ ಸಾಲದು.

ಹಾಲು ಕುಡಿಸಿ ಬಂದ ಬಾಬಣ್ಣ ನನ್ನ ಪಕ್ಕ ಕುಳಿತು, "ಪೆನ್ನುಂಟಾ? ಕೆಂಪು?" ಎಂದರು. "ಬರ್ಕೊಳ್ಳಿ. ಹನ್ನೊಂದನೇ ನಂಬರು ಹಸುವಿನ ಕರು, ಪುಸ್ತಕದಲ್ಲಿ ಮೂವತ್ತೊಂದು. ಅದು ಮೂವತ್ತೊಂಬತ್ತು. ನಾಲ್ಕರದ್ದು ಮೊದಲನೆಯದು ನಲವತ್ತು, ಎರಡನೆಯದು ಮೂವತ್ತೆಂಟೂವರೆ."

"ಎಲ್ಲ ನೆನಪಿದ್ಯಾ?"

"ಸುಳ್ಳು ಬರೆದವನಿಗೆ ನಿಜ ನೆನಪಿರ್ಬೇಕಲ್ವಾ?"

ಮುಂದಿನ ಮುಕ್ಕಾಲು ಗಂಟೆ ಅವರು ಹೇಳುತ್ತ ಹೋದರು, ನಾನು ಕೆಂಪಿನಲ್ಲಿ ತಿದ್ದುತ್ತ ಹೋದೆ. ಅರವತ್ತಕ್ಕೂ ಹೆಚ್ಚು ಕರುಗಳು. ಯಾವುದು ಮಳೆ ಬಂದ ದಿನ ಹುಟ್ಟಿತು, ಯಾವುದರ ಬಾಲದ ತುದಿ ಬಿಳಿ, ಯಾವುದಕ್ಕೆ ಹಗ್ಗ ಹಾಕಬೇಕಾಯಿತು ಎಂಬುದೂ ಜೊತೆಗೆ ಬಂತು. ಸದಾನಂದ ಅಲ್ಲಲ್ಲಿ ಪರೀಕ್ಷೆಗೆಂದು ಹಿಂದಿನ ನಂಬರು ಮತ್ತೆ ಕೇಳಿದರು. ಒಂದೂ ತಪ್ಪಲಿಲ್ಲ. ಕೊನೆಗೆ ಕೂಡಿ ನೋಡಿದೆ. ಸುಲ್ತಾನನ ಕರುಗಳು ಸರಾಸರಿ ನಲವತ್ತು. ಹದಿನೇಳರವು ಮೂವತ್ತೆರಡು, ಅವುಗಳಲ್ಲಿ ಹಗ್ಗ ಹಾಕಿದ್ದು ಒಂದೇ ಒಂದು. ನನ್ನ ಮಂತ್ರ ಸರಿಯಾಗಿಯೇ ಇತ್ತು. ಎಷ್ಟೋ ತಿಂಗಳ ನಂತರ ಮೈ ಹಗುರವಾಯಿತು.

ಊಟಕ್ಕೆ ಬಾಬಣ್ಣನ ಕೋಣೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಹುರಿದ ಹಪ್ಪಳ. ಬಂಗುಡೆ ಬೆಳಿಗ್ಗೆಯೇ ಯಾರದೋ ಗಾಡಿಯಲ್ಲಿ ಬಂದಿತ್ತಂತೆ. ಸಾರಿನ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಬಾಬಣ್ಣ ಮಾತ್ರ ಸರಿಯಾಗಿ ಉಣ್ಣಲಿಲ್ಲ. "ಅರ್ಬಾಬಿಗೆ ನಾನೇ ಹೇಳ್ತೇನೆ. ನೀವು ನಡುವೆ ಬರ್ಬೇಡಿ" ಎಂದರು. ಹದಿನಾಲ್ಕು ವರ್ಷದ ಕೆಲಸ, ಒಡೆಯನ ಎದುರು ಹೀಗೊಂದು ಮಾತು.

ಜುಮ್ಮಾ ಪ್ರಾರ್ಥನೆ ಮುಗಿಸಿ ಎರಡು ಗಂಟೆಗೆ ಅಬು ಸಯೀದ್ ಬಂದರು. ಕಂದೂರ ಎನ್ನುವ ಬಿಳಿ ನಿಲುವಂಗಿ, ಅರವತ್ತರ ಆಸುಪಾಸು, ಮಾತು ಕಡಿಮೆ. ಮೊದಲು ಹೋಗಿ ಕರು ನೋಡಿ ಮಾಶಾಅಲ್ಲಾ ಎಂದರು. ನಂತರ ಚಾಪೆಯ ಮೇಲೆ ಕುಳಿತು ನಮಗೆಲ್ಲ ತಾವೇ ಗಾವಾ ಬಗ್ಗಿಸಿ ಕೊಟ್ಟರು, ಏಲಕ್ಕಿ ಪರಿಮಳದ ಆ ಕಹಿ ಕಾಫಿ. ಬಾಬಣ್ಣ ನಿಂತುಕೊಂಡೇ ಎಲ್ಲ ಹೇಳಿದರು. ಒಂದನ್ನೂ ಮುಚ್ಚಲಿಲ್ಲ, ಮೂವತ್ತೆಂಟನ್ನೂ.

ಅಬು ಸಯೀದ್ ಕೆಂಪು ತಿದ್ದುಪಡಿಗಳ ಪುಟ ತಿರುವಿದರು. "ಐದು ವರ್ಷ ನನಗೆ ಸುಳ್ಳು ಹೇಳಿದೆಯಾ?"

"ನಿಮಗೆ ಅಲ್ಲ ಅರ್ಬಾಬ್. ಪುಸ್ತಕಕ್ಕೆ. ನೀವು ಬಾಯಲ್ಲಿ ಕೇಳಿದ್ದರೆ ನಿಜ ಹೇಳ್ತಿದ್ದೆ."

ಅಬು ಸಯೀದ್ ಪುಸ್ತಕ ಮುಚ್ಚಿ, ಬಾಬಣ್ಣನಿಗೆ ಕುಳಿತುಕೊಳ್ಳಲು ಕೈ ತೋರಿಸಿ, ಅವರಿಗೂ ಗಾವಾ ಬಗ್ಗಿಸಿದರು. "ನನ್ನ ತಂದೆ ಒಂಟೆ ಎಷ್ಟು ಎಂದು ಯಾರು ಕೇಳಿದರೂ ನಿಜ ಹೇಳುತ್ತಿರಲಿಲ್ಲ. ನಾನೂ ಹನ್ನೊಂದು ಎನ್ನುತ್ತೇನೆ."

ಸದಾನಂದರಿಗೆ ತಡೆಯಲಾಗಲಿಲ್ಲ. "ನಿಜವಾಗಿ ಎಷ್ಟುಂಟು ಅರ್ಬಾಬ್?" ಎಂದು ಹಿಂದಿಯಲ್ಲಿ ಕೇಳಿಯೇ ಬಿಟ್ಟರು.

"ಹನ್ನೊಂದು" ಎಂದರು ಅಬು ಸಯೀದ್, ಮುಖದಲ್ಲಿ ಒಂದು ಗೆರೆಯೂ ಕದಲದೆ.

ಆದರೆ ಹೋರಿಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಹದಿನೇಳನ್ನು ನೋಡಲು ಎಲ್ಲರೂ ಹೋದೆವು. ಗಿಡ್ಡ ಕಾಲು, ಉದ್ದ ಮೈ, ಮೇವಿನ ತೊಟ್ಟಿಯಿಂದ ತಲೆಯೆತ್ತದ ಸ್ವಭಾವ. ಪಕ್ಕದ ಅಂಕಣದಲ್ಲಿ ಸುಲ್ತಾನ್ ಫೋಟೋಗೆ ನಿಂತ ಮದುವೆ ಗಂಡಿನಂತೆ ಎದೆಯುಬ್ಬಿಸಿ ನಿಂತಿದ್ದ.

"ಇದು ಆಡು, ದಕ್ತೂರ್" ಎಂದರು ಅಬು ಸಯೀದ್. "ನನ್ನ ಒಂಬತ್ತು ಕಡಸಿಗೆ ಆಡು ಬಿಡಲೇ?"

"ಕರು ಹುಟ್ಟಿದ ಮೇಲೆ ಬೆಳೆಯಲು ನಿಮ್ಮ ಇಡೀ ಇಜ್ಬಾ ಇದೆ ಅರ್ಬಾಬ್. ಹೊರಗೆ ಬರುವ ಬಾಗಿಲು ಮಾತ್ರ ಚಿಕ್ಕದು. ಮೊದಲ ಸಲ ಹದಿನೇಳು. ಎರಡನೇ ಸಲದಿಂದ ಸುಲ್ತಾನನನ್ನು ಬಿಡಿ, ಆಗ ನಾನೂ ಬೇಡ ಎನ್ನುವುದಿಲ್ಲ."

ಅವರು ಮತ್ತೊಮ್ಮೆ ಐವತ್ತೆರಡರ ಹತ್ತಿರ ಹೋದರು. ಅದರ ಕಾಲು ಇನ್ನೂ ಸಣ್ಣಗೆ ನಡುಗುತ್ತಿತ್ತು. ಅದರ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಖಲಾಸ್, ಮಾತು ಮುಗಿಯಿತು" ಎಂದರು. "ಹದಿನೇಳು. ಆದರೆ ಬಾಬು, ಇನ್ನು ಮೇಲೆ ತೂಕ ಇದ್ದ ಹಾಗೆ ಬರಿ. ಇವತ್ತಿನದರಿಂದಲೇ."

ಬಾಬಣ್ಣನಿಗೆ ಕೆಲಸ ಉಳಿದದ್ದಕ್ಕಿಂತ ಈ ಮಾತು ಹೆಚ್ಚು ತಟ್ಟಿತು. ಪುಸ್ತಕ ತೆರೆದರು. ಮೂವತ್ಮೂರನ್ನು ಹೊಡೆದುಹಾಕಿದರು. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. "ಈಗಷ್ಟೇ ಹುಟ್ಟಿ ಜೀವ ಇರೋದಕ್ಕೆ ಇಷ್ಟು ವರ್ಷದಲ್ಲಿ ಒಂದು ಸಲವೂ ಇದ್ದ ಹಾಗೆ ಬರೆದದ್ದಿಲ್ಲ. ಬಿಳಿಯದಕ್ಕೆ" ಎಂದು ನನ್ನ ಕಡೆ ತಿರುಗಿದರು. "ಎಂತಾದ್ರೂ ಆದ್ರೆ?"

"ಏನೂ ಆಗಲ್ಲ ಬಾಬಣ್ಣ. ಅಂಕಿಯಿಂದ ಯಾವ ಕರುವೂ ಸಾಯಲ್ಲ" ಎಂದೆ, ವೈದ್ಯನಿಗೆ ತಕ್ಕ ಗಟ್ಟಿ ದನಿಯಲ್ಲಿ. ಹೇಳಿ ಮುಗಿಸುವಷ್ಟರಲ್ಲಿ, ಈ ವರ್ಷ ಅಂಕಿಯಿಂದಲೇ ಸತ್ತವಲ್ಲ ಎಂದು ನೆನಪಾಯಿತು.

ಅವರು ನಲವತ್ತೊಂದು ಎಂದು ಬರೆದರು. ಬರೆದು, ಪುಟದ ಮೇಲೆ ಮೂರು ಸಲ ಥೂ ಥೂ ಎಂದರು. ನಂತರ ಕೋಣೆಗೆ ಹೋಗಿ, ಬಾಣಲೆಯ ತಳದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಂದು, ಕರುವಿನ ಬಿಳಿ ಹಣೆಯ ಮೇಲೆ ನಾಲ್ಕಾಣೆ ಅಗಲದ ಬೊಟ್ಟಿಟ್ಟರು. ಅಬು ಸಯೀದ್ ನೋಡಿಯೂ ನೋಡದಂತೆ ಮಣಿಸರ ಎಣಿಸುತ್ತಿದ್ದರು.

ನಾಲ್ಕು ಗಂಟೆಗೆ ಹೊರಟೆವು. ಒಂದು ಪೆಟ್ಟಿಗೆ ಖರ್ಜೂರ ಗಾಡಿಗೆ ಬಂದು ಕೂತಿತ್ತು. ಗೇಟು ದಾಟುವಾಗ ಹಿಂತಿರುಗಿ ನೋಡಿದರೆ ಒಂಬತ್ತು ಕಡಸುಗಳನ್ನು ಹದಿನೇಳರ ಪಕ್ಕದ ಅಂಕಣಕ್ಕೆ ಹೊಡೆಯುತ್ತಿದ್ದರು, ಸುಲ್ತಾನ್ ಬೇಲಿಗೆ ತಲೆ ಹಚ್ಚಿ ಗುಟುರು ಹಾಕುತ್ತಿದ್ದ. ಮುಂದಿನ ಸೆಪ್ಟೆಂಬರಿಗೆ ಹಗ್ಗಗಳು ಮೊಳೆಯಲ್ಲೇ ತೂಗುತ್ತಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಲ್ ಖತಮ್‌ನಲ್ಲಿ ಸದಾನಂದ ಟೈರಿಗೆ ಗಾಳಿ ತುಂಬಿಸುವಾಗ ನಾನು ಸುಮ್ಮನೆ ಬಾಬಣ್ಣನಿಗೆ ಫೋನ್ ಮಾಡಿದೆ. ಕರು ಹೇಗಿದೆ ಎಂದು ಕೇಳಿದೆ. ನಿಂತಿದೆ ಎಂದರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ವಿನೋದಮ್ಮ ಚಹಾ ಮಾಡುತ್ತಿರುವಾಗ ಮತ್ತೆ ಮಾಡಿದೆ. ಹೊಸ ಕರುವಿಗೆ ಮೊದಲ ದಿನ ಏನಾಗಬಹುದು ಎಂದು ವೈದ್ಯನಿಗೆ ಗೊತ್ತಿರುತ್ತದೆ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. "ಮಲಗಿದೆ. ಕರು ಮಲಗ್ಲಿಕ್ಕಿಲ್ವಾ ಡಾಕ್ಟ್ರೆ?" ಎಂದರು ಬಾಬಣ್ಣ. ಸದಾನಂದ ನನ್ನನ್ನೇ ನೋಡುತ್ತಿದ್ದರು. ನಾನು ಬಿಸ್ಕತ್ತಿನ ಕಡೆ ನೋಡಿದೆ.

ಅಲ್ಲಿಂದ ನನ್ನ ಕಾರು ತೆಗೆದುಕೊಂಡು ಒಬ್ಬನೇ ಹೊರಟೆ. ಮಂಜಿಲ್ಲದ ದಾರಿ, ಒಂದು ಗಂಟೆ ಐದು ನಿಮಿಷ. ದುಬೈ ಗಡಿ ದಾಟಿದ ಮೇಲೆ, ಐದು ವರ್ಷದಲ್ಲಿ ಹುಟ್ಟಿದ ದಿನವೇ ನಿಜವಾದ ತೂಕ ಬರೆಸಿಕೊಂಡೂ ಉಸಿರಾಡುತ್ತಿರುವ ಸುಲ್ತಾನನ ಕರು ಅದೊಂದೇ ಎಂಬ ಯೋಚನೆ ತಲೆಗೆ ಹೊಕ್ಕಿತು, ಹೋಗಲಿಲ್ಲ. ಮನೆಯ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಮೇಲೆ ಹೋಗುವ ಮೊದಲು ಮೂರನೆಯ ಸಲ ಫೋನ್ ಮಾಡಿದೆ. ಏಳೂವರೆಯಾಗಿತ್ತು.

"ಈಗ ಕುಡೀತಾ ಉಂಟು, ಬಾಲ ಆಡಿಸ್ಕೊಂಡು" ಎಂದರು ಬಾಬಣ್ಣ. ಆಮೇಲೆ ಸೇರಿಸಿದರು. "ಡಾಕ್ಟ್ರೆ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇಷ್ಟು ಸಲ ಕೇಳ್ಬೇಡಿ. ನಿಮ್ಮ ಕಣ್ಣೇ ತಾಗ್ತದೆ ಅದಕ್ಕೆ."